ನದಿ ತೋರಿದ ಜಾಗ, ಹಳಿ ಕಟ್ಟಿದ ಊರು: ವುಹಾನ್ ಬೆಳೆದ ಬಗೆ

ಹದಿನೈದನೆಯ ಶತಮಾನದ ನಡುಗಾಲದವರೆಗೆ ಹಾಂಕೌ ಎಂಬ ಪೇಟೆ ಇರಲೇ ಇಲ್ಲ. ಯಾಂಗ್‌ಟ್ಸೆ ನದಿಯ ಬಲದಂಡೆಯಲ್ಲಿ ವುಚಾಂಗ್ ಇತ್ತು. ಮೂರನೆಯ ಶತಮಾನದಲ್ಲಿ ಸುನ್ ಚುವಾನ್ ಕಟ್ಟಿಸಿದ ಕೋಟೆಯಿಂದ ಬೆಳೆದ ಆಡಳಿತದ ಊರು ಅದು. ಎದುರು ದಂಡೆಯಲ್ಲಿ, ಆಮೆಗುಡ್ಡದ ಬುಡದಲ್ಲಿ, ಹಾನ್ಯಾಂಗ್ ಇತ್ತು. ಉತ್ತರದಿಂದ ಇಳಿದು ಬರುವ ಹಾನ್ ನದಿ ಆ ಗುಡ್ಡದ ದಕ್ಷಿಣಕ್ಕೆ ಹರಿದು ಯಾಂಗ್‌ಟ್ಸೆಯನ್ನು ಸೇರುತ್ತಿತ್ತು. ಮಿಂಗ್ ಅರಸರ ಕಾಲದಲ್ಲಿ, 1465 ಮತ್ತು 1487ರ ನಡುವೆ, ಅದು ಪಾತ್ರ ಬದಲಿಸಿ ಗುಡ್ಡದ ಉತ್ತರಕ್ಕೆ ಹೊರಳಿತು. ಹೊಸ ಸಂಗಮದ ಬಳಿ ಗಾಳಿ, ಅಲೆಗಳ ಹೊಡೆತವಿಲ್ಲದ ನೀರು ಸಿಕ್ಕಿತು. ದೊಡ್ಡ ನದಿಯ ಸೆಳೆತಕ್ಕೆ ಹೆದರುತ್ತಿದ್ದ ದೋಣಿಗಳು ಅಲ್ಲಿ ತಂಗತೊಡಗಿದವು. ದೋಣಿ ತಂಗಿದಲ್ಲಿ ಮಳಿಗೆ ಎದ್ದಿತು, ಮಳಿಗೆಯ ಹಿಂದೆ ಮನೆಗಳು ಎದ್ದವು. ಅಕ್ಕಿ, ಉಪ್ಪು, ಮರ, ಹತ್ತಿ, ಚಹಾ ಎಲ್ಲವೂ ಕೈಬದಲಾಗುವ ಸಂತೆಯಾಗಿ ಬೆಳೆದ ಹಾಂಕೌ, ಚಿಂಗ್ ಅರಸರ ಕಾಲಕ್ಕೆ ಚೀನಾದ ನಾಲ್ಕು ಮಹಾಪೇಟೆಗಳಲ್ಲಿ ಒಂದೆಂದು ಹೆಸರು ಪಡೆಯಿತು. ಇಂದು ವುಹಾನ್ ಎಂದು ನಾವು ಕರೆಯುವ ಮಹಾನಗರ ಈ ಮೂರು ಊರುಗಳ ಕೂಟ.

ಇಷ್ಟು ಹೇಳಿದರೆ ವುಹಾನಿನ ಕಥೆ ಮುಗಿಯಿತು ಎಂದುಕೊಳ್ಳುವುದು ಸುಲಭ. ಚೀನೀಯರು ಈ ಊರನ್ನು ಒಂಬತ್ತು ಪ್ರಾಂತ್ಯಗಳ ಕೂಡುದಾರಿ ಎಂದು ಕರೆಯುತ್ತ ಬಂದಿದ್ದಾರೆ. ಪೂರ್ವಕ್ಕೆ ಶಾಂಘೈ, ಪಶ್ಚಿಮಕ್ಕೆ ಸಿಚುವಾನ್, ಉತ್ತರಕ್ಕೆ ಬೀಜಿಂಗ್, ದಕ್ಷಿಣಕ್ಕೆ ಗುವಾಂಗ್‌ಝೌ. ಭೂಪಟದ ಮೇಲೆ ಬೆರಳಿಟ್ಟು ನೋಡಿದವರಿಗೆ ಇಲ್ಲಿ ದೊಡ್ಡ ನಗರವೊಂದು ಹುಟ್ಟಲೇಬೇಕಿತ್ತು ಎನಿಸುತ್ತದೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ, ಅದರಲ್ಲೂ ಕಳೆದ ನೂರೈವತ್ತು ವರ್ಷಗಳ ಮಟ್ಟಿಗೆ ಹೆಚ್ಚು ತೂಕದ ಅರ್ಧ, ಬೇರೆ ಕಡೆ ಇದೆ. ಯಾವ ದಾರಿಯನ್ನು ಯಾವಾಗ ಕಟ್ಟಬೇಕು, ಯಾರ ಹಣದಿಂದ ಕಟ್ಟಬೇಕು, ಕಟ್ಟಿದ ಮೇಲೆ ಅದು ಯಾರ ಹಿಡಿತದಲ್ಲಿರಬೇಕು ಎಂಬ ತೀರ್ಮಾನಗಳೇ ವುಹಾನನ್ನು ಎತ್ತಿದವು, ಕೆಡವಿದವು, ಮತ್ತೆ ಎತ್ತಿದವು. ಆ ತೀರ್ಮಾನಗಳಲ್ಲಿ ಒಂದು ಎರಡು ಸಾವಿರ ವರ್ಷಗಳ ರಾಜಸತ್ತೆಯ ಕೊನೆಗೂ ಕಾರಣವಾಯಿತು.

ಭೂಗೋಳವೇ ಹಣೆಬರಹ ಎನ್ನುವವರು ಹಾಂಕೌ ಜೊತೆಗೇ ಹೆಸರಾಗಿದ್ದ ಇನ್ನೊಂದು ಮಹಾಪೇಟೆಯನ್ನು ನೋಡಬೇಕು. ಹೆನಾನ್ ಪ್ರಾಂತ್ಯದಲ್ಲಿ, ಕೈಫೆಂಗ್ ಹತ್ತಿರದ ಝುಶಿಯೆನ್ ಕೂಡ ಆ ನಾಲ್ಕರಲ್ಲಿ ಒಂದು. ಅದೂ ನದಿಯಿಂದಲೇ ಬದುಕಿದ ಪೇಟೆ. ಹಳದಿ ನದಿಯ ಪ್ರವಾಹಗಳು ಹೊತ್ತು ತಂದ ಹೂಳಿನಿಂದ ಅದರ ಜಲಮಾರ್ಗ ಕೆಟ್ಟಿತು. ಆ ಮೇಲೆ ಬಂದ ರೈಲು ಝುಶಿಯೆನ್ ಮುಟ್ಟದೆ ಪಶ್ಚಿಮದ ಝೆಂಗ್‌ಝೌ ಮೂಲಕ ಹೋಯಿತು. ಝುಶಿಯೆನ್ ಇಂದು ಸಣ್ಣ ಊರು. ಆಗ ಸಾಮಾನ್ಯ ಜಿಲ್ಲಾ ಕೇಂದ್ರವಾಗಿದ್ದ ಝೆಂಗ್‌ಝೌ ಇಂದು ಒಂದು ಕೋಟಿಗೂ ಹೆಚ್ಚು ಜನರಿರುವ ಪ್ರಾಂತ್ಯದ ರಾಜಧಾನಿ. ನದಿ ಕೈಕೊಟ್ಟಾಗ ಹಳಿ ಕೈಹಿಡಿಯಲಿಲ್ಲ ಎಂಬುದೇ ಝುಶಿಯೆನ್‌ನ ಪಾಡು. ಹಾಗಾದರೆ ಹಾಂಕೌಗೆ ರೈಲು ಬಂದದ್ದು ಹೇಗೆ? ಅದು ತಾನಾಗಿ ಬರಲಿಲ್ಲ. ಅದಕ್ಕೂ ಮೊದಲು ಅಲ್ಲಿಗೆ ಬಂದದ್ದು ಉಗಿಹಡಗು.

ಎರಡನೆಯ ಅಫೀಮು ಯುದ್ಧದಲ್ಲಿ ಸೋತ ಚಿಂಗ್ ಸರ್ಕಾರ 1858ರ ಟಿಯಾನ್‌ಜಿನ್ ಒಪ್ಪಂದಕ್ಕೆ ಸಹಿ ಹಾಕಿತು. ಅದರಂತೆ ಯಾಂಗ್‌ಟ್ಸೆ ವಿದೇಶಿ ಹಡಗುಗಳಿಗೆ ತೆರೆಯಿತು. 1861ರಲ್ಲಿ ಹಾಂಕೌ ಒಪ್ಪಂದದ ಬಂದರಾಯಿತು, ನದಿದಂಡೆಯ ಪಟ್ಟಿಯೊಂದು ಬ್ರಿಟಿಷರ ಕೈ ಸೇರಿತು. 1890ರ ದಶಕ ಮುಗಿಯುವುದರೊಳಗೆ ಜರ್ಮನ್, ರಷ್ಯನ್, ಫ್ರೆಂಚ್, ಜಪಾನೀಯರೂ ಸಾಲಾಗಿ ಪಕ್ಕದ ಜಾಗ ಪಡೆದರು. ಕಡಲಿನಿಂದ ಸುಮಾರು ಸಾವಿರ ಕಿಲೋಮೀಟರ್ ಒಳಗಿರುವ ಊರಿಗೆ, ಬೇಸಿಗೆಯಲ್ಲಿ ನೀರು ಏರಿದಾಗ, ಸಾಗರದ ಹಡಗುಗಳೇ ನೇರವಾಗಿ ಬರುತ್ತಿದ್ದವು. ಅವು ಹುಡುಕಿಕೊಂಡು ಬರುತ್ತಿದ್ದುದು ಮುಖ್ಯವಾಗಿ ಚಹಾವನ್ನು. ಈ ವ್ಯಾಪಾರದಲ್ಲಿ ಬ್ರಿಟಿಷರಿಗಿಂತ ಆಳವಾಗಿ ಬೇರುಬಿಟ್ಟವರು ರಷ್ಯನ್ ವರ್ತಕರು. ಚಹಾದ ಪುಡಿಯನ್ನು ಹಬೆಯಲ್ಲಿ ಮೆತ್ತಗಾಗಿಸಿ, ಅಚ್ಚಿಗೆ ತುಂಬಿ, ಯಂತ್ರದಿಂದ ಒತ್ತಿ, ಒಣಗಿಸಿ ಇಟ್ಟಿಗೆಯಂತೆ ಗಟ್ಟಿ ಮಾಡುತ್ತಿದ್ದರು. ಹಾಗೆ ಮಾಡಿದ ಚಹಾ ಕಡಿಮೆ ಜಾಗ ಹಿಡಿಯುತ್ತದೆ, ತಿಂಗಳುಗಟ್ಟಲೆ ಪಯಣದಲ್ಲಿ ಕೆಡುವುದಿಲ್ಲ. ಮಂಗೋಲಿಯಾ, ಸೈಬೀರಿಯಾಗಳಲ್ಲಿ ಅದು ನಾಣ್ಯದ ಬದಲಿಗೂ ಚಲಾವಣೆಯಾಗುತ್ತಿತ್ತು. ಹಾಂಕೌನಿಂದ ಹಾನ್ ನದಿಯ ಮೇಲೆ ದೋಣಿಯಲ್ಲಿ, ಅಲ್ಲಿಂದ ಬಂಡಿ ಮತ್ತು ಒಂಟೆಗಳ ಮೇಲೆ, ಗೋಬಿ ಮರುಭೂಮಿ ದಾಟಿ ಗಡಿಯ ಕ್ಯಾಖ್ತಾಗೆ ಅದು ಹೋಗುತ್ತಿತ್ತು. ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗಿನಲ್ಲಿ ಒಡೆಸ್ಸಾ ಬಂದರಿಗೂ ಹೋಗತೊಡಗಿತು. ರಷ್ಯಾದ ಯುವರಾಜ, ಮುಂದೆ ಕೊನೆಯ ಝಾರ್ ಆದ ನಿಕೋಲಸ್, 1891ರಲ್ಲಿ ಹಾಂಕೌಗೆ ಬಂದು ಚಹಾ ವರ್ತಕರ ಆತಿಥ್ಯ ಪಡೆದಿದ್ದ. ಒಳನಾಡಿನ ಒಂದು ನದಿಬಂದರು ಆ ಹೊತ್ತಿಗೆ ಎಷ್ಟು ದೂರದವರೆಗೆ ಕೈಚಾಚಿತ್ತು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಬ್ರಿಟಿಷ್ ಮಾರುಕಟ್ಟೆಯಲ್ಲಿ ಹಾಂಕೌ ಚಹಾದ ವೈಭವ ಬಹಳ ಕಾಲ ಉಳಿಯಲಿಲ್ಲ. 1880ರ ದಶಕದ ಕೊನೆಯ ಹೊತ್ತಿಗೆ ಅಸ್ಸಾಂ ಮತ್ತು ಸಿಂಹಳದ ತೋಟಗಳ ಚಹಾ ಲಂಡನ್ನಿನಲ್ಲಿ ಚೀನಾದ ಚಹಾವನ್ನು ಹಿಂದಿಕ್ಕಿತು. ಅಸ್ಸಾಮಿನ ಕೂಲಿಗಳ ಬೆವರಿಗೂ ಹಾಂಕೌ ಇರುವ ಹುಬೇ ಪ್ರಾಂತ್ಯದ ರೈತರ ಬಡತನಕ್ಕೂ ಹೀಗೊಂದು ನಂಟಿದೆ. ವಿದೇಶಿಯರು ಬಂದದ್ದರಿಂದಲೇ ಹಾಂಕೌ ಆಧುನಿಕವಾಯಿತು ಎಂಬ ವಾದ ಹಳೆಯದು. ಉಗಿಹಡಗು, ಬ್ಯಾಂಕು, ಕಲ್ಲಿನ ಹಡಗುಕಟ್ಟೆ ಅವರಿಂದ ಬಂದವು ನಿಜ. 1924ರಲ್ಲಿ ಮುಗಿದ ಸುಂಕದ ಕಚೇರಿಯ ಗಡಿಯಾರ ಗೋಪುರ ಇಂದಿಗೂ ದಂಡೆಯ ಮೇಲೆ ನಿಂತಿದೆ. ಆದರೆ ಹಡಗಿನ ವ್ಯಾಪಾರ ಊರನ್ನು ಯಾವುದೋ ದೂರದ ಹರಾಜು ಕಟ್ಟೆಯ ಬೆಲೆಗೆ ಕಟ್ಟಿಹಾಕಿತ್ತು. ಅಲ್ಲಿ ಬೇಡಿಕೆ ಇಳಿದರೆ ಇಲ್ಲಿ ಮಳಿಗೆ ಮುಚ್ಚಬೇಕು. ಅದರಾಚೆಗೆ ಊರಿಗೆ ಕಬ್ಬಿಣ, ಕೈಗಾರಿಕೆ, ಒಳನಾಡಿನ ಹೆದ್ದಾರಿ ಬೇಕು ಎಂದು ಯೋಚಿಸಿದವರು ವಿದೇಶಿ ಕಾನ್ಸಲ್‌ಗಳೂ ಅಲ್ಲ, ಕಂಪನಿಗಳೂ ಅಲ್ಲ. ಯೋಚಿಸಿದ್ದು ಒಬ್ಬ ಸಾಂಪ್ರದಾಯಿಕ ಪಂಡಿತ ಅಧಿಕಾರಿ.

ಝಾಂಗ್ ಝಿಡಾಂಗ್ 1889ರಲ್ಲಿ ಗುವಾಂಗ್‌ಝೌ ಕಡೆಯ ಎರಡು ಪ್ರಾಂತ್ಯಗಳ ಮಹಾಮಂಡಲಾಧಿಪತಿಯಾಗಿದ್ದರು. ಬೀಜಿಂಗ್ ಹತ್ತಿರದ ತೊಂಗ್‌ಝೌನಿಂದ ಟಿಯಾನ್‌ಜಿನ್‌ಗೆ ರೈಲು ಹಾಕಬೇಕೆಂದು ಹಿರಿಯ ಅಧಿಕಾರಿ ಲಿ ಹೊಂಗ್‌ಝಾಂಗ್ ಪಕ್ಷ ಹಟ ಹಿಡಿದಿತ್ತು. ರೈಲೇ ಬೇಡ ಎನ್ನುವ ಪಕ್ಷ ಇನ್ನೊಂದು ಕಡೆ. ಝಾಂಗ್ ಮೂರನೆಯ ದಾರಿ ತೋರಿಸಿದರು. ಕರಾವಳಿಯ ಹತ್ತಿರ ಹಳಿ ಹಾಕಿದರೆ ಶತ್ರುವಿನ ನೌಕಾಪಡೆ ಅದನ್ನೇ ಹಿಡಿದು ರಾಜಧಾನಿಗೆ ಬರುತ್ತದೆ, ಆದ್ದರಿಂದ ಬೀಜಿಂಗ್ ಪಕ್ಕದ ಲುಗೌ ಸೇತುವೆಯಿಂದ ಒಳನಾಡಿನ ಹಾಂಕೌವರೆಗೆ ಹಾಕೋಣ ಎಂದರು. ಒಳನಾಡಿನ ಸರಕಿಗೆ ದಾರಿಯಾಗುತ್ತದೆ, ಹಳಿಯ ಕಬ್ಬಿಣವನ್ನು ನಾವೇ ಎರಕ ಹೊಯ್ಯೋಣ ಎಂದೂ ಸೇರಿಸಿದರು. ಆಸ್ಥಾನ ಒಪ್ಪಿ, ಅವರನ್ನೇ ವುಚಾಂಗ್‌ಗೆ ವರ್ಗ ಮಾಡಿತು. 1907ರವರೆಗೆ, ನಡುವಿನ ಕೆಲವು ಅವಧಿ ಬಿಟ್ಟರೆ, ಆ ಊರು ಅವರ ಕೈಯಲ್ಲಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಾಂಕೌ ಆಯ್ಕೆಯಾದದ್ದಕ್ಕೆ ಅಲ್ಲಿನ ನದಿಗಳಷ್ಟೇ ಕಾರಣವಾಗಿರಲಿಲ್ಲ, ಅದು ಕಡಲಿಗೆ ದೂರ ಎಂಬುದೂ ಕಾರಣವಾಗಿತ್ತು. ಹಡಗು ಬರುತ್ತದೆ ಎಂದು ವಿದೇಶಿಯರು ಮೆಚ್ಚಿದ್ದ ಊರನ್ನು, ಯುದ್ಧನೌಕೆಯ ಕೈಗೆ ಸುಲಭವಾಗಿ ಸಿಗದು ಎಂದು ಝಾಂಗ್ ಮೆಚ್ಚಿದ್ದರು. ಒಂದೇ ಭೂಪಟವನ್ನು ಇಬ್ಬರು ಎರಡು ಬಗೆಯಾಗಿ ಓದಿದರು.

ತೀರ್ಮಾನ ಬದಲಾದರೆ ದಾರಿ ನಿಲ್ಲುತ್ತದೆ ಎಂಬುದಕ್ಕೂ ಇದೇ ರೈಲು ಉದಾಹರಣೆ. ರಷ್ಯಾದ ಭಯದಿಂದ ಸರ್ಕಾರ ಹಣವನ್ನೆಲ್ಲ ಮಂಚೂರಿಯಾ ಕಡೆಯ ಮಾರ್ಗಕ್ಕೆ ತಿರುಗಿಸಿತು, ಹಾಂಕೌ ಮಾರ್ಗ ಕಾಗದದಲ್ಲೇ ಉಳಿಯಿತು. ಝಾಂಗ್ ಮಾತ್ರ ಕೈಕಟ್ಟಿ ಕೂರಲಿಲ್ಲ. ಹಾನ್ಯಾಂಗ್‌ನಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿಸಿದರು. 1894ರಲ್ಲಿ ಅದರ ಕುಲುಮೆ ಉರಿಯಿತು, ಏಷ್ಯಾದಲ್ಲೇ ಆ ಕಾಲಕ್ಕೆ ಅಂಥದ್ದು ಅಪರೂಪ. ಅವರ ತಪ್ಪುಗಳನ್ನೂ ಮುಚ್ಚಿಡಬೇಕಿಲ್ಲ. ಅದಿರು ಸಿಗುವ ದಾಯೆ ಹತ್ತಿರ ಕಾರ್ಖಾನೆ ಇಡುವ ಬದಲು ತಮ್ಮ ಕಚೇರಿಯ ಎದುರು ದಂಡೆಯಲ್ಲಿ, ಕಣ್ಣಳತೆಯಲ್ಲಿ, ಇಟ್ಟುಕೊಂಡರು. ಅದಿರಿನ ಗುಣ ಪರೀಕ್ಷಿಸದೆಯೇ ಯಂತ್ರ ತರಿಸಿದರು. ರಂಜಕ ಹೆಚ್ಚಿರುವ ದಾಯೆಯ ಅದಿರಿಗೆ ಆ ಬೆಸ್ಸೆಮರ್ ಕುಲುಮೆ ಹೊಂದದೆ, ಉಕ್ಕು ಪೆಡಸಾಗಿ ಬಿರುಕು ಬಿಟ್ಟಿತು. ಅದನ್ನು ಸರಿಪಡಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆದರೂ ಕುಲುಮೆ, ಮದ್ದುಗುಂಡಿನ ಕಾರ್ಖಾನೆ, ಹತ್ತಿ ಗಿರಣಿ, ಹೊಸ ಬಗೆಯ ಶಾಲೆ, ಹೊಸ ಬಗೆಯ ಸೈನ್ಯ ಎಲ್ಲವೂ ಒಂದೇ ಊರಿಗೆ ಬಂದದ್ದು ಈ ಮನುಷ್ಯನ ಹಟದಿಂದ. ಹಾಂಕೌ ಬೆನ್ನಿಗೆ ಅವರು 1905ರಲ್ಲಿ ಕಟ್ಟಿಸಿದ ಉದ್ದದ ಏರಿ ಕೆರೆ ಜೌಗಿನ ನೀರನ್ನು ತಡೆದು ಊರು ಬೆಳೆಯಲು ನೆಲ ಕೊಟ್ಟಿತು. ಇಂದಿಗೂ ಅದನ್ನು ಝಾಂಗ್ ಅವರ ಏರಿ ಎಂದೇ ಕರೆಯುತ್ತಾರೆ.

1895ರಲ್ಲಿ ಜಪಾನಿನ ಎದುರು ಸೋತ ಮೇಲೆ ಸರ್ಕಾರ ಎಚ್ಚೆತ್ತು ರೈಲಿನ ಕಡತ ಮತ್ತೆ ತೆರೆಯಿತು. ಖಜಾನೆ ಬರಿದಾಗಿತ್ತು. ಹೊಣೆ ಹೊತ್ತ ಶೆಂಗ್ ಶುವಾನ್‌ಹುವಾಯ್ ಬೆಲ್ಜಿಯಂನಿಂದ ಸಾಲ ತಂದರು. ಬೆಲ್ಜಿಯಂ ಸಣ್ಣ ದೇಶ, ಅದಕ್ಕೆ ಸಾಮ್ರಾಜ್ಯದ ಆಸೆ ಇರಲಾರದು ಎಂಬ ಲೆಕ್ಕ. 1898ರ ಒಪ್ಪಂದದಂತೆ 11 ಕೋಟಿ 25 ಲಕ್ಷ ಫ್ರಾಂಕ್ ಸಾಲ. ರೈಲುಮಾರ್ಗವೇ ಒತ್ತೆ, ಸಾಲ ತೀರುವವರೆಗೆ ಓಡಿಸುವ ಹಕ್ಕು ಅವರದು, ಲಾಭದಲ್ಲಿ ಐದನೆಯ ಒಂದು ಪಾಲೂ ಅವರದು. ಹಿಂದೆ ಫ್ರೆಂಚ್ ಮತ್ತು ರಷ್ಯನ್ ಹಿತಾಸಕ್ತಿಗಳಿದ್ದವು ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಜಾನ್ ಜಾಡೊ ಎಂಬ ಬೆಲ್ಜಿಯನ್ ಎಂಜಿನಿಯರ್ ಉಸ್ತುವಾರಿಯಲ್ಲಿ ಹಳದಿ ನದಿಗೆ ಸೇತುವೆ ಎದ್ದಿತು. 1906ರ ಏಪ್ರಿಲ್‌ನಲ್ಲಿ ಸುಮಾರು 1,200 ಕಿಲೋಮೀಟರ್ ಉದ್ದದ ಮಾರ್ಗ ಪೂರ್ತಿ ತೆರೆಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಬೀಜಿಂಗ್ ಪಯಣ ಎರಡು ಮೂರು ದಿನಕ್ಕೆ ಇಳಿಯಿತು. ಮೂರೇ ವರ್ಷದಲ್ಲಿ ಚೀನಾ ಸರ್ಕಾರ ಬ್ರಿಟಿಷ್ ಮತ್ತು ಫ್ರೆಂಚ್ ಬ್ಯಾಂಕುಗಳಿಂದ 50 ಲಕ್ಷ ಪೌಂಡ್ ಸಾಲ ಎತ್ತಿ ಬೆಲ್ಜಿಯನ್ನರ ಸಾಲ ತೀರಿಸಿ ರೈಲನ್ನು ಬಿಡಿಸಿಕೊಂಡಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಹೀಗಿದ್ದೂ ರೈಲು ಲಾಭದಲ್ಲೇ ಓಡುತ್ತಿತ್ತು. ದಾರಿ ಒಳ್ಳೆಯದೇ, ಅದನ್ನು ಕಟ್ಟಿದ ಕರಾರು ಕೆಟ್ಟದ್ದು ಎಂದು ವಿದ್ಯಾವಂತ ಚೀನೀಯರು ತೀರ್ಮಾನಿಸಿದ್ದು ಈ ವರ್ಷಗಳಲ್ಲಿ.

ಆ ಸಿಟ್ಟು ಮೊದಲು ಸಿಡಿದದ್ದು ದಕ್ಷಿಣದ ಮಾರ್ಗದ ಮೇಲೆ. ವುಚಾಂಗ್‌ನಿಂದ ಗುವಾಂಗ್‌ಝೌಗೆ ರೈಲು ಹಾಕಲು 1898ರಲ್ಲಿ ಹಕ್ಕು ಪಡೆದಿದ್ದ ಅಮೆರಿಕನ್ ಕಂಪನಿಯ ಶೇರುಗಳು ಮೆಲ್ಲಗೆ ಬೆಲ್ಜಿಯನ್ನರ ಕೈಗೆ ಜಾರಿದವು. ಆ ಮಾರ್ಗ ಹಾಯುವ ಮೂರು ಪ್ರಾಂತ್ಯಗಳ ಗಣ್ಯರು ದನಿ ಎತ್ತಿದರು. 1905ರಲ್ಲಿ ಝಾಂಗ್ ಝಿಡಾಂಗ್ 67 ಲಕ್ಷ 50 ಸಾವಿರ ಡಾಲರ್ ಪರಿಹಾರ ಕೊಟ್ಟು ಆ ಹಕ್ಕು ಬಿಡಿಸಿಕೊಂಡರು. ಅದಕ್ಕೂ ಹಾಂಕಾಂಗ್ ಸರ್ಕಾರದಿಂದ 11 ಲಕ್ಷ ಪೌಂಡ್ ಸಾಲ ಮಾಡಬೇಕಾಯಿತು. ಇನ್ನು ಮುಂದೆ ನಮ್ಮ ಹಣದಿಂದಲೇ ಕಟ್ಟುತ್ತೇವೆ ಎಂದು ಪ್ರಾಂತ್ಯಗಳು ಕಂಪನಿ ತೆರೆದವು. ಹಾಂಕೌನಿಂದ ಪಶ್ಚಿಮಕ್ಕೆ ಹೋಗಬೇಕಿದ್ದ ಮಾರ್ಗಕ್ಕಾಗಿ ಸಿಚುವಾನ್ ಪ್ರಾಂತ್ಯ ಭೂಮಿಯ ಗೇಣಿಯ ಮೇಲೆ ಕಡ್ಡಾಯ ವಂತಿಗೆ ಹಾಕಿತು, ಕೊಟ್ಟವರಿಗೆ ಶೇರು ಚೀಟಿ ನೀಡಿತು. ಹೀಗೆ ಸಣ್ಣಪುಟ್ಟ ಹಿಡುವಳಿದಾರರೂ ರೈಲು ಕಂಪನಿಯ ಪಾಲುದಾರರಾದರು. ಕಂಪನಿಯ ಆಡಳಿತ ಚೊಕ್ಕಟವಾಗಿರಲಿಲ್ಲ. ಹಣದ ಒಂದು ಭಾಗ ಶಾಂಘೈ ಸಟ್ಟಾ ಪೇಟೆಯಲ್ಲಿ ಕರಗಿತು, ಹಳಿ ಮಾತ್ರ ಬಹುತೇಕ ಬೀಳಲೇ ಇಲ್ಲ. 1911ರ ಮೇ 9ರಂದು ಬೀಜಿಂಗ್ ಸರ್ಕಾರ ಈ ಪ್ರಧಾನ ಮಾರ್ಗಗಳನ್ನು ರಾಷ್ಟ್ರೀಕರಿಸಿತು. ಹನ್ನೊಂದೇ ದಿನದಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಅಮೆರಿಕದ ಬ್ಯಾಂಕುಗಳ ಕೂಟದಿಂದ 60 ಲಕ್ಷ ಪೌಂಡ್ ಸಾಲಕ್ಕೆ ಸಹಿ ಹಾಕಿತು. ಸಿಚುವಾನಿನ ಪಾಲುದಾರರಿಗೆ ಪೂರ್ತಿ ಹಣ ಮರಳಿಸುವುದಿಲ್ಲ ಎಂದೂ ಹೇಳಿತು. ಗೇಣಿಯಿಂದ ಕಿತ್ತುಕೊಂಡದ್ದನ್ನು ವಿದೇಶಿಯರಿಗೆ ಒತ್ತೆ ಇಟ್ಟರು ಎಂದು ಜನ ತಿಳಿದುಕೊಂಡರೆ ಅವರನ್ನು ದೂರುವುದು ಹೇಗೆ?

ಸಿಚುವಾನಿನ ರಾಜಧಾನಿ ಚೆಂಗ್ಡುವಿನಲ್ಲಿ ಅಂಗಡಿಗಳು ಮುಚ್ಚಿದವು, ಶಾಲೆಗಳು ನಿಂತವು. ಸೆಪ್ಟೆಂಬರ್ 7ರಂದು ಅಧಿಪತಿ ಝಾವೋ ಅರ್‌ಫೆಂಗ್ ಚಳವಳಿಯ ಮುಂದಾಳುಗಳನ್ನು ಹಿಡಿಸಿದ. ಬಿಡಿ ಎಂದು ಬೇಡಲು ಬಂದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು, ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಪ್ರಾಂತ್ಯವೇ ದಂಗೆ ಎದ್ದಿತು. ಅದನ್ನು ಅಡಗಿಸಲು ದುವಾನ್‌ಫಾಂಗ್ ಎಂಬ ಹಿರಿಯ ಅಧಿಕಾರಿಯ ಕೈಕೆಳಗೆ ಹುಬೇ ಪ್ರಾಂತ್ಯದ ಪಡೆಗಳನ್ನು ಪಶ್ಚಿಮಕ್ಕೆ ಕಳಿಸಿದರು. ವುಚಾಂಗ್‌ನ ಕಾವಲು ತೆಳುವಾಯಿತು. ಉಳಿದ ಸೈನ್ಯದ ಒಳಗೋ ವರ್ಷಗಳಿಂದ ಕ್ರಾಂತಿಕಾರಿ ಗುಂಪುಗಳು ಬೀಡುಬಿಟ್ಟಿದ್ದವು. ಝಾಂಗ್ ಝಿಡಾಂಗ್ ಕಟ್ಟಿದ ಅದೇ ಹೊಸ ಬಗೆಯ ಸೈನ್ಯ, ಓದುಬರಹ ಬಲ್ಲ ಸಿಪಾಯಿಗಳು. ಅಕ್ಟೋಬರ್ 9ರಂದು ಹಾಂಕೌನ ರಷ್ಯನ್ ವಸಾಹತಿನ ಮನೆಯೊಂದರಲ್ಲಿ ಬಾಂಬು ತಯಾರಿಸುವಾಗ ಅದು ಸಿಡಿಯಿತು. ಸದಸ್ಯರ ಪಟ್ಟಿ ಪೊಲೀಸರ ಕೈ ಸೇರಿತು, ಮರುದಿನ ಬೆಳಗ್ಗೆ ಮೂವರ ತಲೆ ಉರುಳಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಕಾಯಲು ಸಮಯವಿರಲಿಲ್ಲ. ಅಕ್ಟೋಬರ್ 10ರ ಸಂಜೆ ಎಂಜಿನಿಯರ್ ದಳದ ಎಂಟನೆಯ ಪಡೆ ಬಂದೂಕು ಎತ್ತಿ ಶಸ್ತ್ರಾಗಾರ ಹಿಡಿಯಿತು. ಮಂಡಲಾಧಿಪತಿ ರುಯ್‌ಚೆಂಗ್ ನದಿಯಲ್ಲಿದ್ದ ಯುದ್ಧದೋಣಿಗೆ ಓಡಿಹೋದ. ಎರಡೇ ದಿನಗಳಲ್ಲಿ ಮೂರೂ ಊರು ದಂಗೆಕೋರರ ವಶವಾದವು.

ಮುಂದೆ ನಡೆದ ಯುದ್ಧ ದಾರಿಗಳ ಯುದ್ಧವೇ. ಸರ್ಕಾರದ ಉತ್ತರದ ಸೈನ್ಯ ಬಂದದ್ದು ಐದು ವರ್ಷದ ಹಿಂದೆ ತೆರೆದ ಅದೇ ಬೀಜಿಂಗ್–ಹಾಂಕೌ ರೈಲಿನಲ್ಲಿ. ಹಳಿಯ ಪಕ್ಕದ ಬಯಲಿನಲ್ಲಿ, ನಿಲ್ದಾಣಗಳ ಸುತ್ತ ಕಾದಾಟ ನಡೆಯಿತು. ನವೆಂಬರ್ ಮೊದಲ ದಿನಗಳಲ್ಲಿ ಸೇನಾನಿ ಫೆಂಗ್ ಗುವೋಝಾಂಗ್ ಹಾಂಕೌಗೆ ಬೆಂಕಿ ಇಟ್ಟು ಹಿಡಿದ, ಚೀನೀ ಪೇಟೆಯ ಬಹುಭಾಗ ದಿನಗಟ್ಟಲೆ ಉರಿಯಿತು. ನವೆಂಬರ್ 27ರಂದು ಹಾನ್ಯಾಂಗ್ ಬಿದ್ದಿತು. ಆದರೆ ಹಳಿ ಯಾಂಗ್‌ಟ್ಸೆ ದಂಡೆಯಲ್ಲೇ ಮುಗಿಯುತ್ತಿತ್ತು. ಆಚೆ ದಂಡೆಯ ವುಚಾಂಗ್ ದಂಗೆಕೋರರ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ದಕ್ಷಿಣದ ಬಹುತೇಕ ಪ್ರಾಂತ್ಯಗಳು ಬೀಜಿಂಗ್‌ನಿಂದ ಕೈತೊಳೆದುಕೊಂಡಿದ್ದವು. ಸಿಚುವಾನಿಗೆ ಹೋಗಿದ್ದ ದುವಾನ್‌ಫಾಂಗ್ ತನ್ನ ಸೈನಿಕರಿಂದಲೇ ಹತನಾದ. 1912ರ ಫೆಬ್ರವರಿ 12ರಂದು ಬಾಲ ಚಕ್ರವರ್ತಿಯ ಹೆಸರಿನಲ್ಲಿ ಸಿಂಹಾಸನ ತ್ಯಾಗದ ಘೋಷಣೆ ಹೊರಬಿತ್ತು. ರೈಲಿನ ಸಾಲ ಬರೀ ಕಿಡಿ, ಮದ್ದು ಮೊದಲೇ ತುಂಬಿತ್ತು ಎನ್ನುವ ಇತಿಹಾಸಕಾರರಿದ್ದಾರೆ. ತೆರಿಗೆ, ಸೋಲುಗಳು, ಮಂಚು ಅರಸರ ಮೇಲಿನ ದ್ವೇಷ, ಸಂವಿಧಾನದ ಹುಸಿ ಭರವಸೆ ಇವೆಲ್ಲ ಇದ್ದವು, ಒಪ್ಪೋಣ. ಆದರೆ ಮದ್ದು ಇಡೀ ದೇಶದಲ್ಲಿ ತುಂಬಿತ್ತು. 1911ರ ಏಪ್ರಿಲ್‌ನಲ್ಲಿ ಗುವಾಂಗ್‌ಝೌನಲ್ಲಿ ಎದ್ದ ದಂಗೆ ಒಂದೇ ದಿನದಲ್ಲಿ ಮಣ್ಣುಪಾಲಾಗಿತ್ತು. ವುಚಾಂಗ್‌ನಲ್ಲಿ, ಆ ಶರತ್ಕಾಲದಲ್ಲಿ, ಅದು ಗೆದ್ದದ್ದು ಏಕೆ ಎಂದು ಕೇಳಿದರೆ ಉತ್ತರ ರೈಲಿನ ಸುತ್ತಲೇ ಸಿಗುತ್ತದೆ: ರೈಲಿನ ಕರಾರು ಸಿಚುವಾನನ್ನು ಕೆರಳಿಸಿತು, ಸಿಚುವಾನ್ ವುಚಾಂಗ್‌ನ ಪಡೆಗಳನ್ನು ಎಳೆದುಕೊಂಡಿತು, ಉಳಿದ ಪಡೆ ಊರನ್ನೇ ಹಿಡಿಯಿತು.

ಗಣರಾಜ್ಯ ಬಂದ ಮೇಲೂ ಹಳಿಯನ್ನು ಹಿಡಿದವನದೇ ಮಾತು. 1923ರ ಫೆಬ್ರವರಿಯಲ್ಲಿ ಬೀಜಿಂಗ್–ಹಾಂಕೌ ರೈಲಿನ ಕಾರ್ಮಿಕರು ಸಂಘ ಕಟ್ಟುವ ಹಕ್ಕಿಗಾಗಿ ಮುಷ್ಕರ ಹೂಡಿ ಇಡೀ ಮಾರ್ಗ ನಿಲ್ಲಿಸಿದರು. ಆ ರೈಲಿನ ಆದಾಯದಿಂದಲೇ ಸೈನ್ಯ ಸಾಕುತ್ತಿದ್ದ ದಂಡನಾಯಕ ವು ಪೇಫು ಫೆಬ್ರವರಿ 7ರಂದು ಗುಂಡಿನಿಂದ ಉತ್ತರ ಕೊಟ್ಟ. ಹಾಂಕೌನ ಜಿಯಾಂಗ್‌ಆನ್ ನಿಲ್ದಾಣದಲ್ಲಿ ಸಂಘದ ಮುಖಂಡ ಲಿನ್ ಶಿಯಾಂಗ್‌ಚಿಯಾನ್‌ನ ತಲೆ ಕಡಿದರು, ಕಾರ್ಮಿಕರ ಪರ ನಿಂತಿದ್ದ ವಕೀಲ ಶಿ ಯಾಂಗ್‌ನನ್ನು ಕೆಲವೇ ದಿನಗಳಲ್ಲಿ ಕೊಂದರು. 1927ರ ಜನವರಿಯಲ್ಲಿ ಜನಸಮೂಹ ಬ್ರಿಟಿಷ್ ವಸಾಹತಿಗೆ ನುಗ್ಗಿತು, ಮುಂದಿನ ತಿಂಗಳು ಬ್ರಿಟನ್ ಅದನ್ನು ಬಿಟ್ಟುಕೊಡಲು ಒಪ್ಪಿತು. ಅದೇ ವರ್ಷ ಮೂರು ಊರುಗಳನ್ನು ಸೇರಿಸಿ ವುಹಾನ್ ಎಂಬ ಒಂದೇ ಹೆಸರು ಕೊಟ್ಟರು. ಹೆಸರೇನೋ ಒಂದಾಯಿತು, ಆದರೆ ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಲು ದೋಣಿಯೇ ಗತಿ.

ದಕ್ಷಿಣದ ಮಾರ್ಗ ಮುಗಿಯಲು 1936 ಬರಬೇಕಾಯಿತು. ಅಮೆರಿಕನ್ ಕರಾರಿನಿಂದ ಲೆಕ್ಕ ಹಾಕಿದರೆ 38 ವರ್ಷ. ಮರುವರ್ಷ ರೈಲನ್ನೇ ಹೊತ್ತು ನದಿ ದಾಟಿಸುವ ದೋಣಿ ಬಂದಿತು. ಬೋಗಿಗಳನ್ನು ಬಿಡಿಸಿ, ಇಳಿಜಾರಿನ ಹಳಿಯ ಮೇಲೆ ದೋಣಿಗೆ ತಳ್ಳಿ, ಆಚೆ ದಂಡೆಯಲ್ಲಿ ಮತ್ತೆ ಎಳೆದು ಜೋಡಿಸಬೇಕು. ಚಳಿಗಾಲಕ್ಕೂ ಬೇಸಿಗೆಗೂ ಇಲ್ಲಿ ನೀರಿನ ಮಟ್ಟ ಹತ್ತು ಹನ್ನೆರಡು ಮೀಟರ್ ಏರಿಳಿಯುತ್ತದೆ, ಅದಕ್ಕೆ ತಕ್ಕಂತೆ ಇಳಿಜಾರನ್ನೂ ಹೊಂದಿಸುತ್ತಿರಬೇಕು. ಈ ಕಷ್ಟದ ಕೊಂಡಿಯೇ ಜಪಾನ್ ದಾಳಿಯ ಕಾಲದಲ್ಲಿ ಚೀನಾದ ಜೀವನಾಡಿಯಾಯಿತು. 1937ರ ಡಿಸೆಂಬರ್‌ನಲ್ಲಿ ನಾನ್‌ಜಿಂಗ್ ಬಿದ್ದ ಮೇಲೆ ಸುಮಾರು ಹತ್ತು ತಿಂಗಳು ವುಹಾನೇ ಯುದ್ಧಕಾಲದ ರಾಜಧಾನಿ. ಹಾಂಕಾಂಗ್‌ಗೆ ಬಂದಿಳಿದ ಶಸ್ತ್ರಗಳು ಗುವಾಂಗ್‌ಝೌ ರೈಲಿನಲ್ಲಿ ಇಲ್ಲಿಗೆ ತಲುಪುತ್ತಿದ್ದವು. ಉತ್ತರದ ಹಳಿ ಹಿಡಿದು ಜಪಾನೀಯರು ಇಳಿದು ಬಾರದಂತೆ ಚಿಯಾಂಗ್ ಕೈಶೆಕ್ ಸರ್ಕಾರ 1938ರ ಜೂನ್‌ನಲ್ಲಿ ಝೆಂಗ್‌ಝೌ ಬಳಿ ಹಳದಿ ನದಿಯ ಏರಿಯನ್ನೇ ಒಡೆಯಿತು. ವುಹಾನಿಗೆ ಕೆಲವು ತಿಂಗಳು ಸಿಕ್ಕವು. ಆ ನೀರಿಗೆ, ಅದರ ಹಿಂದೆ ಬಂದ ಹಸಿವು ರೋಗಗಳಿಗೆ, ಲಕ್ಷಾಂತರ ಹಳ್ಳಿಗರು ಬಲಿಯಾದರು. ಒಂದು ದಾರಿ ಉಳಿಸಲು ತೆತ್ತ ಬೆಲೆಗಳಲ್ಲಿ ಇದಕ್ಕಿಂತ ಕ್ರೂರವಾದದ್ದು ನನಗೆ ಕಾಣುವುದಿಲ್ಲ.

ಆ ಶರತ್ಕಾಲದಲ್ಲೇ ಭಾರತದ ರಾಷ್ಟ್ರೀಯ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡ ಗುವಾಂಗ್‌ಝೌನಲ್ಲಿ ಇಳಿದು ಹಾಂಕೌ ತಲುಪಿತು. ನಮ್ಮ ಗಡಿಯಂಚಿನ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ ಅದರಲ್ಲಿದ್ದರು. ಊರು ಬೀಳುವ ಮೊದಲೇ ತಂಡ ನದಿಯ ಮೇಲ್ಭಾಗಕ್ಕೆ ಹೊರಟಿತು. ಕೋಟ್ನಿಸ್ ಮರಳಿ ತಾಯ್ನಾಡು ಕಾಣಲಿಲ್ಲ, 1942ರಲ್ಲಿ ಚೀನಾದಲ್ಲೇ ತೀರಿಕೊಂಡರು. 1938ರ ಅಕ್ಟೋಬರ್ 21ರಂದು ಜಪಾನೀಯರು ಗುವಾಂಗ್‌ಝೌ ಹಿಡಿದರು. ರೈಲಿನ ಆ ತುದಿ ಹೋದ ಮೇಲೆ ಈ ತುದಿಯನ್ನು ಕಾದು ಫಲವಿರಲಿಲ್ಲ. ನಾಲ್ಕೇ ದಿನಕ್ಕೆ ಹಾಂಕೌ ಬಿದ್ದಿತು. ನದಿ, ಗುಡ್ಡ ಎಲ್ಲ ಇದ್ದಲ್ಲೇ ಇದ್ದವು, ಊರಿನ ಬಲ ಮಾತ್ರ ಸಾವಿರ ಕಿಲೋಮೀಟರ್ ಆಚೆ ತುಂಡಾಗಿತ್ತು.

ನದಿಗೆ ಸೇತುವೆ ಎಂಬ ಕನಸು ಹೊಸದಲ್ಲ. 1913ರಲ್ಲೇ ಬೀಜಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಜರ್ಮನ್ ಪ್ರಾಧ್ಯಾಪಕರೊಡನೆ ಬಂದು ಆಮೆಗುಡ್ಡ ಮತ್ತು ಎದುರಿನ ವುಚಾಂಗ್ ದಂಡೆಯ ಹಾವುಗುಡ್ಡಗಳ ನಡುವೆ ಅಳತೆ ಮಾಡಿದ್ದರು. ರೈಲು ಎಂಜಿನಿಯರ್ ಝಾನ್ ಟಿಯಾನ್‌ಯೂ ಅದಕ್ಕೆ ಬೆಂಬಲವಾಗಿದ್ದರು. 1930ರ ದಶಕದಲ್ಲಿ ಎಂಜಿನಿಯರ್ ಮಾವೋ ಯಿಶೆಂಗ್ ಇನ್ನೊಂದು ಯೋಜನೆ ಬರೆದರು. ಯಾವುದೂ ಕಾಗದ ದಾಟಲಿಲ್ಲ. ತಂತ್ರಜ್ಞಾನ ಬಂದಾಗ ಸೇತುವೆ ತಾನಾಗಿ ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ಈ ನಲವತ್ತು ವರ್ಷಗಳಿಗೆ ಉತ್ತರ ಕೊಡಬೇಕಾಗುತ್ತದೆ. ಆ ಅವಧಿಯಲ್ಲಿ ಜಗತ್ತಿನಲ್ಲಿ ದೊಡ್ಡ ಸೇತುವೆಗಳು ಎದ್ದಿದ್ದವು. ಇಲ್ಲಿ ಕೊರತೆಯಾದದ್ದು ನೆಮ್ಮದಿ, ಖಜಾನೆ, ಮತ್ತು ಹಟ ಹಿಡಿದು ಮುಗಿಸುವ ಸರ್ಕಾರ. ಕೆಲಸ ಶುರುವಾದದ್ದು 1955ರ ಸೆಪ್ಟೆಂಬರ್‌ನಲ್ಲಿ. ಹಿಂದಿನ ವರ್ಷವಷ್ಟೇ ನೀರು 29.73 ಮೀಟರ್ ಮಟ್ಟಕ್ಕೆ ಏರಿ, ಉತ್ತರ ದಕ್ಷಿಣದ ರೈಲು ಸುಮಾರು ನೂರು ದಿನ ಅಸ್ತವ್ಯಸ್ತವಾಗಿತ್ತು. ಸೇತುವೆಯ ಕಂಬಗಳಿಗೆ ಮೊದಲು ಯೋಚಿಸಿದ್ದು ಗಾಳಿ ಒತ್ತಡದ ಪೆಟ್ಟಿಗೆಯನ್ನು ತಳಕ್ಕಿಳಿಸಿ ಅದರೊಳಗೆ ಮನುಷ್ಯರು ಅಗೆಯುವ ಹಳೆಯ ವಿಧಾನ. ಇಲ್ಲಿ ಪ್ರವಾಹದ ಕಾಲದಲ್ಲಿ ಆಳ ನಲವತ್ತು ಮೀಟರಿನಷ್ಟು. ಅಷ್ಟು ಒತ್ತಡದಲ್ಲಿ ಕೆಲಸಗಾರ ಹೆಚ್ಚು ಹೊತ್ತು ಇರುವಂತಿಲ್ಲ, ಮೇಲೆ ಬಂದಾಗ ಪ್ರಾಣಕ್ಕೇ ಅಪಾಯ. ಸೋವಿಯತ್ ತಜ್ಞ ಕಾನ್‌ಸ್ಟಾಂಟಿನ್ ಸಿಲಿನ್ ಬೇರೆ ವಿಧಾನ ಮುಂದಿಟ್ಟರು. 1.55 ಮೀಟರ್ ಅಗಲದ ಕಾಂಕ್ರೀಟ್ ಕೊಳವೆಗಳನ್ನು ನದಿಯ ಮರಳಿನ ಮೂಲಕ ಬಂಡೆಯವರೆಗೆ ಇಳಿಸಿ, ಕೊಳವೆಯ ಒಳಗಿನಿಂದಲೇ ಬಂಡೆಯನ್ನು ಕೊರೆದು, ಕಬ್ಬಿಣ ಮತ್ತು ಕಾಂಕ್ರೀಟ್ ತುಂಬಿ ಬೇರು ಬಿಡಿಸುವುದು. ಅಗೆಯುವವರೆಲ್ಲ ನೀರಿನ ಮೇಲೆಯೇ ನಿಂತು ಕೆಲಸ ಮಾಡಬಹುದು. ಚೀನೀ ಎಂಜಿನಿಯರುಗಳು ದಂಡೆಯ ಮೇಲೆ ಪ್ರಯೋಗ ಮಾಡಿ ನೋಡಿ ಒಪ್ಪಿದರು.

1957ರ ಅಕ್ಟೋಬರ್ 15ರಂದು, ಗೊತ್ತುಪಡಿಸಿದ ಗಡುವಿಗಿಂತ ಮೊದಲೇ, 1,670 ಮೀಟರ್ ಉದ್ದದ ಸೇತುವೆ ತೆರೆಯಿತು. ಎಂಟು ಕಂಬ, ಒಂಬತ್ತು ಅಂಕಣ, ಕೆಳಗೆ ಜೋಡಿ ಹಳಿ, ಮೇಲೆ ರಸ್ತೆ. ಹಾವುಗುಡ್ಡದ ತುದಿಯಲ್ಲಿದ್ದ, 1884ರಲ್ಲಿ ಸುಟ್ಟುಹೋದ ಹಳದಿ ಕೊಕ್ಕರೆ ಗೋಪುರದ ಜಾಗವನ್ನು ಸೇತುವೆಯ ತಲೆ ನುಂಗಿತು. ಈಗ ಪ್ರವಾಸಿಗರು ನೋಡುವ ಗೋಪುರ 1985ರಲ್ಲಿ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಕಟ್ಟಿದ್ದು. ಕವಿಗಳು ಸಾವಿರ ವರ್ಷ ಹಾಡಿದ ಜಾಗವನ್ನು ರೈಲಿಗೆ ಬಿಟ್ಟುಕೊಟ್ಟದ್ದು ನಷ್ಟವೇ, ಆದರೆ ಅಂದಿನ ಚೀನಾಕ್ಕೆ ಆ ನಷ್ಟ ಒಪ್ಪುವಂಥದ್ದಾಗಿತ್ತು ಎಂಬುದು ನನ್ನ ಎಣಿಕೆ. ಎರಡು ತುಂಡಾಗಿದ್ದ ಮಾರ್ಗಗಳು ಅಂದಿನಿಂದ ಬೀಜಿಂಗ್–ಗುವಾಂಗ್‌ಝೌ ಎಂಬ ಒಂದೇ ರೈಲಾದವು. ಮೂವತ್ತು ವರ್ಷ ಹೆಸರಿನಲ್ಲಷ್ಟೇ ಒಂದಾಗಿದ್ದ ವುಹಾನ್ ನಿಜಕ್ಕೂ ಒಂದಾಯಿತು.

ಇಷ್ಟಾದರೂ ಭೂಗೋಳದ ವಾದ ಪೂರ್ತಿ ಸೋಲುವುದಿಲ್ಲ. ಸೇತುವೆಗೆ ಎರಡು ಗುಡ್ಡಗಳು ಎದುರುಬದುರಾಗಿ ಸಿಕ್ಕದ್ದು ಪ್ರಕೃತಿಯ ಕೃಪೆಯೇ. ಆದರೆ 1980ರ ದಶಕದಲ್ಲಿ ನಡೆದದ್ದನ್ನು ಆ ವಾದ ವಿವರಿಸಲಾರದು. ಸೇತುವೆ ಇತ್ತು, ನದಿ ಇತ್ತು, ದೊಡ್ಡ ಉಕ್ಕಿನ ಕಾರ್ಖಾನೆಯೂ ಇತ್ತು. ಆದರೂ ವುಹಾನ್ ಹಿಂದೆ ಬಿದ್ದಿತು. 1980ರಲ್ಲಿ ಶೆಂಝೆನ್ ವಿಶೇಷ ಆರ್ಥಿಕ ವಲಯವಾಯಿತು, 1984ರಲ್ಲಿ ಕರಾವಳಿಯ ಹದಿನಾಲ್ಕು ನಗರಗಳು ವಿದೇಶಿ ಬಂಡವಾಳಕ್ಕೆ ತೆರೆದವು. ಒಳನಾಡಿನ ವುಹಾನಿಗೆ ಅಂಥ ಅವಕಾಶ ಸಿಕ್ಕದ್ದು 1992ರಲ್ಲಿ. ಶತ್ರುವಿನ ನೌಕೆಗೆ ದೂರ ಎಂದು ಝಾಂಗ್ ಝಿಡಾಂಗ್ ಮೆಚ್ಚಿದ್ದ ಜಾಗ ರಫ್ತಿನ ಕಾಲದಲ್ಲಿ ಬಂದರಿಗೆ ದೂರ ಎಂಬ ಕೊರತೆಯಾಯಿತು. 2004ರ ರೈಲು ಯೋಜನೆ ಅತಿವೇಗದ ಉದ್ದಡ್ಡ ಮಾರ್ಗಗಳ ಕತ್ತರಿಯಲ್ಲಿ ವುಹಾನನ್ನು ಇಟ್ಟ ಮೇಲೆಯೇ ಗಾಳಿ ತಿರುಗಿದ್ದು. 2009ರ ಡಿಸೆಂಬರ್ 26ರಂದು ತೆರೆದ 968 ಕಿಲೋಮೀಟರ್ ಮಾರ್ಗ ಹತ್ತು ಗಂಟೆ ಮೀರುತ್ತಿದ್ದ ಗುವಾಂಗ್‌ಝೌ ಪಯಣವನ್ನು ಸುಮಾರು ಮೂರು ಗಂಟೆಗೆ ಇಳಿಸಿತು. 2012ರಲ್ಲಿ ಬೀಜಿಂಗ್‌ಗೂ ಅದೇ ವೇಗ ಬಂದಿತು. ಅದೇ ವರ್ಷ ಯಾಂಗ್‌ಟ್ಸೆಯ ತಳದಲ್ಲಿ ಮೆಟ್ರೊ ಓಡಿತು, ಯುರೋಪಿಗೆ ಸರಕಿನ ರೈಲೂ ಹೊರಟಿತು.

ದಾರಿಗಳ ಮೇಲೆ ತೀರ್ಮಾನಗಳಿಗಿರುವ ಹಿಡಿತ ಎಷ್ಟೆಂದು ಜಗತ್ತೇ ಕಂಡದ್ದು 2020ರಲ್ಲಿ. ಚೀನೀ ಹೊಸ ವರ್ಷದ ಹಬ್ಬಕ್ಕೆ ಎರಡು ದಿನ ಮೊದಲು, ಜನವರಿ 23ರ ಬೆಳಗ್ಗೆ 10 ಗಂಟೆಗೆ, ಕೋವಿಡ್ ತಡೆಯಲು ಹೊರಟ ಒಂದೇ ಆದೇಶದ ಮೇಲೆ ವುಹಾನಿನ ಬಸ್ಸು, ಮೆಟ್ರೊ, ದೋಣಿ, ವಿಮಾನ, ಊರಿಂದ ಹೊರಡುವ ರೈಲು ಎಲ್ಲವೂ ನಿಂತವು. ವೈರಸ್ ಬೇಗ ಹರಡಲು ಕಾರಣವಾದದ್ದು ಊರು ಅಷ್ಟು ಕಡೆಗೆ ಜೋಡಣೆಯಾಗಿದ್ದದ್ದೇ ಎಂಬ ಮಾತು ನಿಜ, ಆ ಜೋಡಣೆಯೂ ಮನುಷ್ಯರು ಯೋಚಿಸಿ ಕಟ್ಟಿದ್ದೇ. ನಿರ್ಬಂಧ 76 ದಿನಗಳ ನಂತರ, ಏಪ್ರಿಲ್ 8ರಂದು, ತೆರವಾಯಿತು. ಅಂದು ಮಧ್ಯರಾತ್ರಿ ಕಳೆದು ಒಂದು ಗಂಟೆಯೊಳಗೆ ವುಚಾಂಗ್ ನಿಲ್ದಾಣದಿಂದ ಗುವಾಂಗ್‌ಝೌ ಕಡೆಗೆ ರೈಲು ಹೊರಟಿತು.